ಎದೆ ಬಡಿತಕ್ಕೆ ಹೆದರದೆ ವ್ಯಾಯಾಮ ಶುರು ಮಾಡುವುದು ಹೇಗೆ?

ಅಪಘಾತ, ಹಲ್ಲೆ, ಪ್ರವಾಹ, ಯುದ್ಧ. ಇಂಥದ್ದರಿಂದ ಪಾರಾಗಿ ಬಂದ ಕೆಲವರಿಗೆ ಅದು ಮುಗಿದೇ ಇಲ್ಲ ಅನ್ನಿಸುತ್ತಿರುತ್ತದೆ. ಕೆಟ್ಟ ಕನಸು ಬೀಳುತ್ತದೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾರೆ, ಆ ಜಾಗದ ಕಡೆ ತಲೆಹಾಕುವುದಿಲ್ಲ. ತಿಂಗಳು ಕಳೆದರೂ ಹೀಗೇ ಇದ್ದು ದಿನದ ಕೆಲಸಕ್ಕೆ ಅಡ್ಡ ಬಂದರೆ ವೈದ್ಯರು ಅದನ್ನು ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಎಂದು ಗುರುತಿಸಬಹುದು.

‘ಜಿಮ್‌ಗೆ ಸೇರು, ಎಲ್ಲ ಸರಿಹೋಗುತ್ತೆ’ ಅನ್ನುವವರಿಗೇನೂ ಬರವಿಲ್ಲ. ಸಲಹೆ ತಪ್ಪಲ್ಲ, ಆದರೆ ಅರ್ಧಂಬರ್ಧ. ಓಡಿದಾಗ ಎದೆ ಡವಡವ ಅನ್ನುತ್ತದೆ, ಉಸಿರು ಏರುತ್ತದೆ, ಮೈ ಬೆವರುತ್ತದೆ. ಭಯವಾದಾಗಲೂ ಹಾಗೇ ಅಲ್ವಾ? ಹಾಗಾಗಿ ಮೈ ಎರಡನ್ನೂ ಒಂದೇ ಅಂದುಕೊಂಡುಬಿಡುತ್ತದೆ. ಮೊದಲ ದಿನವೇ ಏದುಸಿರು ಬರುವಷ್ಟು ಓಡಿ, ಗಾಬರಿಯಾಗಿ, ಮತ್ತೆಂದೂ ಶೂ ಹಾಕದವರಿದ್ದಾರೆ.

ಮೊದಲು ವೈದ್ಯರ ಹತ್ತಿರ

ಆಘಾತವನ್ನೇ ಗುರಿಯಾಗಿಸಿಕೊಂಡ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವುದು), ಇಎಂಡಿಆರ್‌ನಂಥ (ಕಣ್ಣು ಅತ್ತಿತ್ತ ಆಡಿಸುತ್ತಾ ಕಹಿ ನೆನಪನ್ನು ಎದುರಿಸುವುದು) ಥೆರಪಿಗಳೇ ಮುಖ್ಯ ಚಿಕಿತ್ಸೆ. ವ್ಯಾಯಾಮ ಅದರ ಜೊತೆಗೆ ಇರಬೇಕು, ಅದರ ಬದಲಿಗಲ್ಲ. ಮಾತ್ರೆಗಳ ವಿಷಯವನ್ನೂ ಕೇಳಿಕೊಳ್ಳಿ. ಕೆಟ್ಟ ಕನಸಿಗೆ ಕೊಡುವ ಪ್ರಾಜೋಸಿನ್ ಬಿಪಿ ಇಳಿಸುತ್ತದೆ, ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಎದೆ ಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಎಷ್ಟು ಬೆವರಿದರೂ ನಾಡಿ ಅಷ್ಟಾಗಿ ಏರುವುದಿಲ್ಲ. ಅಂಥವರು ಕೈಗಡಿಯಾರದಲ್ಲಿ ಬರುವ ಹೃದಯ ಬಡಿತದ ಅಂಕಿಯನ್ನು ನೆಚ್ಚಿಕೊಳ್ಳಬಾರದು.

ಜಾಗ

ಎಲ್ಲಿಂದ ಹೊರಗೆ ಹೋಗಬಹುದು ಎಂದು ಕಣ್ಣಿಗೆ ಕಾಣುವಂಥ ಜಾಗ ಆರಿಸಿ. ಬೆನ್ನ ಹಿಂದೆ ಜನ ಓಡಾಡಿದರೆ ಕಸಿವಿಸಿಯಾಗುವವರು ಗೋಡೆಯ ಕಡೆ ನಿಂತುಕೊಳ್ಳಲಿ. ಇಯರ್‌ಫೋನ್ ಹಾಕಿಕೊಂಡು ಸುತ್ತಲಿನದು ಕೇಳದಿದ್ದರೆ ಕೆಲವರಿಗೆ ಭಯ ಜಾಸ್ತಿ. ಅಂಥವರು ಅದನ್ನು ಬಿಟ್ಟುಬಿಡಲಿ.

ಎದೆ ಬಡಿತ ಏರಿಸಿ, ಇಳಿಸಿ

ಇದೇ ನಿಜವಾದ ಕೆಲಸ. ಐದು ನಿಮಿಷ ನಿಧಾನವಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಬಿರುಸಾಗಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ವೇಗ ಸಾಕು. ಈಗ ನಿಂತು ಎರಡು ಬೆರಳನ್ನು ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಇಡಿ. ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿರುತ್ತದೆ. ಬೆರಳು ತೆಗೆಯಬೇಡಿ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ನಿಧಾನವಾಗುವುದು ಗೊತ್ತಾಗುತ್ತದೆ. ಬಡಿತ ಏರಿತು, ಏನೂ ಆಗಲಿಲ್ಲ, ಇಳಿಯಿತು. ಮೈಗೆ ಕಲಿಸಬೇಕಾದ್ದು ಇದನ್ನೇ, ಮತ್ತೆ ಮತ್ತೆ. ಥೆರಪಿಯಲ್ಲೂ ಇಂಥ ಅಭ್ಯಾಸ ಮಾಡಿಸುವುದುಂಟು.

ಎರಡು ಮೂರು ಸುತ್ತು ಆದರೆ ಮೊದಲ ದಿನಕ್ಕೆ ಸಾಕು. ‘ಇನ್ನೂ ಮಾಡಬಹುದಿತ್ತು’ ಅನ್ನಿಸುವಾಗಲೇ ನಿಲ್ಲಿಸಿ. ಎದೆ ನೋವು ಬಂದರೆ, ತಲೆ ತಿರುಗಿದರೆ ಅದು ಭಯವೇ ಇರಬೇಕು ಎಂದು ಸುಮ್ನೆ ಇರಬೇಡಿ, ವೈದ್ಯರಿಗೆ ತೋರಿಸಿ.

ಹಳೆಯದು ಕಣ್ಮುಂದೆ ಬಂದರೆ

ವೇಗ ಇಳಿಸಿ. ಪಾದ ನೆಲಕ್ಕೆ ಒತ್ತಿ. ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ, ಬಣ್ಣದ ಸಮೇತ. ಇವತ್ತು ಯಾವ ವಾರ, ಎಲ್ಲಿದ್ದೇನೆ ಎಂದೂ ಹೇಳಿಕೊಳ್ಳಿ. ಸಮಾಧಾನವಾದ ಮೇಲೆ ಮುಂದುವರಿಸುವುದೋ ಬಿಡುವುದೋ ನಿಮ್ಮಿಷ್ಟ. ಬಿಟ್ಟರೆ ಸೋತಂತಲ್ಲ.

ಯೋಗದ ಕ್ಲಾಸಿಗೆ ಹೋಗುವವರಿಗೆ

ಅಮೆರಿಕದಲ್ಲಿ ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು ಚಿಕಿತ್ಸೆಗೆ ಜಗ್ಗದ ಪಿಟಿಎಸ್‌ಡಿ ಇದ್ದ ಹೆಂಗಸರಿಗೆ ಹತ್ತು ವಾರ ಯೋಗ ಮಾಡಿಸಿ ನೋಡಿದ್ದರು. 2014ರಲ್ಲಿ ಬಂದ ಆ ಅಧ್ಯಯನದಲ್ಲಿ ತೊಂದರೆ ಕಡಿಮೆಯಾದದ್ದು ಕಂಡಿತ್ತು. ಆದರೆ ಅದು ಆಘಾತಕ್ಕೆ ಒಳಗಾದವರಿಗೆಂದೇ ರೂಪಿಸಿದ ಯೋಗ. ಮಾಮೂಲಿ ಕ್ಲಾಸಿನಲ್ಲಿ ಗುರುಗಳು ಹಿಂದಿನಿಂದ ಬಂದು ಭುಜ ಸರಿಪಡಿಸಿದರೆ ಎಷ್ಟೋ ಜನ ನಡುಗಿಹೋಗುತ್ತಾರೆ. ‘ಕೇಳದೆ ಮುಟ್ಟಬೇಡಿ’ ಎಂದು ಮೊದಲೇ ಹೇಳಿಬಿಡಿ. ಕಾರಣ ಕೊಡಬೇಕಿಲ್ಲ. ಶವಾಸನದಲ್ಲಿ ಕಣ್ಣು ತೆರೆದೇ ಇರಬಹುದು, ಕುಳಿತೇ ಇರಬಹುದು.

ಏರಿಸುವುದು ಯಾವಾಗ?

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಗೆ ಮುಟ್ಟಲು ಅವಸರವಿಲ್ಲ, ನಾಲ್ಕೈದು ನಿಮಿಷ ಸೇರಿಸುತ್ತಾ ಹೋಗಿ. ನಿದ್ದೆ ಮೊದಲೇ ಕೆಟ್ಟಿರುವುದರಿಂದ, ಮಲಗುವ ಮುಂಚಿನ ಹೊತ್ತಿಗೆ ಜೋರಿನ ವ್ಯಾಯಾಮ ಬೇಡ.

ಉಲ್ಟಾ ಕೂಡ ಆಗುತ್ತದೆ. ನೆನಪು ಬರಬಾರದು ಅಂತ ಮೈ ಮುರಿಯುವಷ್ಟು ಓಡುವವರು, ನೋವಿದ್ದರೂ ಒಂದು ದಿನ ಬಿಡದವರು ಇರುತ್ತಾರೆ. ನೋಡಿದವರಿಗೆ ಶಿಸ್ತು ಅನ್ನಿಸೀತು, ಆದರೆ ಅದೂ ತಪ್ಪಿಸಿಕೊಳ್ಳುವ ದಾರಿಯೇ. ಹಾಗನ್ನಿಸಿದರೆ ಥೆರಪಿಸ್ಟ್ ಹತ್ತಿರ ಮುಚ್ಚಿಡಬೇಡಿ. ಯಾವ ವ್ಯಾಯಾಮ ಮಾಡುವಾಗ ಏನು ನೆನಪಾಯಿತು, ಎಷ್ಟು ಹೊತ್ತು ಕಾಡಿತು ಎಂದು ಒಂದೆರಡು ಸಾಲು ಬರೆದಿಟ್ಟುಕೊಂಡು ಹೋದರೆ ಅವರಿಗೂ ಅನುಕೂಲ.