ಪ್ರವಾಸದಲ್ಲಿ ಪುಸ್ತಕ ಕೊಳ್ಳುವ ನನ್ನ ಕ್ರಮ

ಹೊಸ ಊರು ಮುಟ್ಟಿದ ಮೊದಲ ದಿನವೇ ಪುಸ್ತಕದಂಗಡಿಗೆ ಹೋಗಬೇಕು, ಅಂದು ಒಂದನ್ನೂ ಕೊಳ್ಳದೆ ಹೊರಬರಬೇಕು, ಹೊರಡುವ ಹಿಂದಿನ ದಿನ ಮತ್ತೆ ಹೋಗಿ ಕೊಳ್ಳಬೇಕು, ಕೊಂಡದ್ದರಲ್ಲಿ ಹೆಚ್ಚಿನದನ್ನು ಅಂಚೆಗೆ ಹಾಕಿ ಹಗುರವಾಗಿ ಮರಳಬೇಕು. ಈ ಕ್ರಮವನ್ನು ಮೊದಲು ಹೇಳಿದಾಗ ಪುಸ್ತಕಪ್ರಿಯ ಗೆಳೆಯರಲ್ಲಿ ಯಾರೂ ಒಪ್ಪಲಿಲ್ಲ. ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಇರುವುದೇ ಒಂದು ಪ್ರತಿ, ಎರಡನೆಯ ಸಲ ಹೋಗುವಷ್ಟರಲ್ಲಿ ಅದು ಬೇರೆಯವರ ಪಾಲಾಗಿರುತ್ತದೆ ಎಂಬುದು ಒಂದು ಆಕ್ಷೇಪ. ಅಂಚೆಗೆ ಹಾಕಿದ ಪುಸ್ತಕ ಮನೆ ಸೇರುವ ಭರವಸೆಯಿಲ್ಲ ಎಂಬುದು ಇನ್ನೊಂದು. ಆರೇಳು ವರ್ಷಗಳಿಂದ ಇದೇ ಕ್ರಮದಲ್ಲಿ ಕೊಳ್ಳುತ್ತಿದ್ದೇನೆ. ಕೈತಪ್ಪಿದ ಪುಸ್ತಕಗಳು ಬೆರಳೆಣಿಕೆಯಷ್ಟು. ಅಂಚೆಯಲ್ಲಿ ಕಳೆದ ಕಟ್ಟು ಒಂದೂ ಇಲ್ಲ.

ಇದಕ್ಕೂ ಮೊದಲು ಪಟ್ಟಿ ಹಿಡಿದು ಹೋಗುತ್ತಿದ್ದೆ. ಪಟ್ಟಿಯಲ್ಲಿದ್ದದ್ದು ಸಿಗುತ್ತಿರಲಿಲ್ಲ, ಅದನ್ನೇ ಹುಡುಕುವ ಕಣ್ಣಿಗೆ ಪಕ್ಕದಲ್ಲಿದ್ದ ಒಳ್ಳೆಯದು ಬೀಳುತ್ತಿರಲಿಲ್ಲ. ಆಮೇಲೆ ಮುಖಪುಟಗಳ ಫೋಟೋ ತೆಗೆದುಕೊಂಡು ಬಂದು ಮನೆಯಿಂದ ತರಿಸುವ ದಾರಿ ಹಿಡಿದೆ. ಹೆಸರು ಅದೇ ಆದರೂ ಬರುತ್ತಿದ್ದ ಆವೃತ್ತಿ ಬೇರೆ, ಕಾಗದ ತೆಳು, ಅಕ್ಷರ ಸಣ್ಣದು. ಪುಸ್ತಕದ ಪ್ರತಿ ಆವೃತ್ತಿಗೂ ಬೇರೆಯಾಗಿ ಕೊಡುವ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನೋಡಿ ತರಿಸಬಹುದಲ್ಲ ಎಂದರೆ, ಆ ಸಂಖ್ಯೆ ಅಂತರರಾಷ್ಟ್ರೀಯ ಮಾನಕವಾದದ್ದೇ 1970ರಲ್ಲಿ. ನಾನು ಹುಡುಕುವ ಹಳೆಯ ಪುಸ್ತಕಗಳಲ್ಲಿ ಬಹುಪಾಲಿಗೆ ಅದು ಇರುವುದೇ ಇಲ್ಲ. ಅಂಗಡಿಯವರ ಕಪಾಟಿನಲ್ಲಿ ಆರಿಸಿ, ಹಣವನ್ನು ಬೇರೆ ಕಡೆ ಕೊಡುವುದು ನ್ಯಾಯವಲ್ಲ ಎಂಬ ಭಾವನೆಯೂ ಬಲವಾಯಿತು. ಮೂರನೆಯದು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ವಿಮಾನದಲ್ಲಿ ತರುವ ಕ್ರಮ. ಒಮ್ಮೆ ಹೆಚ್ಚುವರಿ ತೂಕಕ್ಕೆ ತೆತ್ತ ಹಣ ಪುಸ್ತಕಗಳ ಬೆಲೆಯ ಮುಕ್ಕಾಲು ಪಾಲಿನಷ್ಟಾಯಿತು, ಮೂಲೆಗಳು ಮುದುಡಿದ್ದು ಬೇರೆ.

ಈಗಿನ ಕ್ರಮದಲ್ಲಿ ಮೊದಲ ಭೇಟಿಯೇ ನಿಜವಾದ ಕೆಲಸ. ಎರಡು ಮೂರು ಗಂಟೆ ಬಿಡುವು ಮಾಡಿಕೊಂಡು ಹೋಗುತ್ತೇನೆ. ಮುನ್ನುಡಿ, ಬೆನ್ನುಡಿಗಳನ್ನು ಬಿಟ್ಟು ನಡುವಿನ ಎರಡು ಪುಟಗಳನ್ನು ನಿಂತಲ್ಲೇ ಓದುತ್ತೇನೆ. ಪುಸ್ತಕವನ್ನು ಅರ್ಧಕ್ಕೆ ತೆರೆದು ಬೆನ್ನಿನ ಕಡೆಯಿಂದ ನೋಡಿದರೆ ಹೊಲಿಗೆಯೋ ಬರಿಯ ಅಂಟೋ ತಿಳಿಯುತ್ತದೆ. ಹದಿನಾರು ಪುಟಗಳ ಫಾರಂಗಳನ್ನು (ಮುದ್ರಿಸಿ ಮಡಚಿದ ಹಾಳೆಗಳ ಕಟ್ಟುಗಳನ್ನು) ದಾರದಲ್ಲಿ ಹೊಲಿದಿದ್ದರೆ ಇನ್ನೊಂದು ತಲೆಮಾರು ಅದನ್ನು ಓದಬಹುದು. ಬೆನ್ನಿನ ಬಣ್ಣವನ್ನು ಮುಖಪುಟದ ಬಣ್ಣದೊಂದಿಗೆ ಹೋಲಿಸಿ ಬಿಸಿಲು ತಾಗಿದೆಯೇ ಎಂದೂ ನೋಡುತ್ತೇನೆ. ಟೋಕಿಯೊದ ಜಿಂಬೋಚೊ ಬಡಾವಣೆಯಲ್ಲಿ ಹಳೆಯ ಪುಸ್ತಕದಂಗಡಿಗಳಲ್ಲಿ ಹೆಚ್ಚಿನವು ದೊಡ್ಡ ರಸ್ತೆಯ ದಕ್ಷಿಣ ಬದಿಯಲ್ಲಿ, ಉತ್ತರಕ್ಕೆ ಮುಖ ಮಾಡಿ ಇವೆ. ನೇರ ಬಿಸಿಲು ಪುಸ್ತಕಗಳ ಮೇಲೆ ಬೀಳಬಾರದೆಂಬುದೇ ಅದರ ಉದ್ದೇಶ. ಇದು ಗೊತ್ತಾದ ಮೇಲೆ ಯಾವ ಅಂಗಡಿಗೆ ಹೋದರೂ ಅದು ಯಾವ ದಿಕ್ಕಿಗಿದೆ ಎಂದು ನೋಡುವುದು ಅಭ್ಯಾಸವಾಗಿದೆ.

ಮನಸ್ಸಿಗೆ ಬಂದ ಪುಸ್ತಕಗಳ ಹೆಸರು, ಕಪಾಟು, ಬೆಲೆಗಳನ್ನು ಕಿರುಪುಸ್ತಕದಲ್ಲಿ ಬರೆದುಕೊಂಡು ಹೊರಡುತ್ತೇನೆ. ಮೂರು ನಾಲ್ಕು ದಿನ ಊರು ಸುತ್ತಿದ ಮೇಲೆ ಆ ಪಟ್ಟಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಹಣ ಉಳಿಯುವುದು ಇಲ್ಲಿಯೇ. ಮೊದಲು ಪ್ರವಾಸದ ಖರ್ಚಿನಲ್ಲಿ ನಾಲ್ಕನೇ ಒಂದು ಪಾಲು ಪುಸ್ತಕಕ್ಕೆ ಹೋಗುತ್ತಿತ್ತು, ತಂದದ್ದರಲ್ಲಿ ಅರ್ಧ ಓದದೆ ಉಳಿಯುತ್ತಿತ್ತು. ಈಗ ಖರ್ಚು ಅದರ ಅರ್ಧಕ್ಕೆ ಇಳಿದಿದೆ, ತಂದದ್ದನ್ನು ಬಹುತೇಕ ಓದಿ ಮುಗಿಸುತ್ತೇನೆ. ಒಂದೇ ಪ್ರತಿ ಇರುವ ಪುಸ್ತಕಕ್ಕೆ ಉಪಾಯ ಸರಳ: ಸಣ್ಣ ಮುಂಗಡ ಕೊಟ್ಟು ತೆಗೆದಿರಿಸಲು ಕೇಳುವುದು. ಒಪ್ಪದ ಅಂಗಡಿಗಳು ತೀರ ಕಡಿಮೆ. ಎರಡನೆಯ ಸಲ ಬಂದವನನ್ನು ಅಂಗಡಿಯವರು ಬೇರೆ ರೀತಿಯಲ್ಲಿ ನೋಡುತ್ತಾರೆ ಎಂಬುದು ಈ ಕ್ರಮದ ದೊಡ್ಡ ಲಾಭ. ಕಪಾಟಿಗೆ ಇನ್ನೂ ಏರದ ಕಟ್ಟುಗಳನ್ನು ಅವರು ಬಿಚ್ಚಿ ತೋರಿಸುವಂತೆ ಮಾಡುವ ಒಂದು ಪ್ರಶ್ನೆ ನನ್ನಲ್ಲಿದೆ. ಅದನ್ನು ಎಲ್ಲರೂ ಕೇಳತೊಡಗಿದರೆ ಅದರ ಬಲ ಹೋಗುತ್ತದೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಹೆಸರಾಂತ ಅಂಗಡಿಗಳಿಗೆ ಈ ಕ್ರಮ ಅಷ್ಟಾಗಿ ಒಗ್ಗುವುದಿಲ್ಲ. ಪೋರ್ಚುಗಲ್‌ನ ಪೋರ್ಟೊದಲ್ಲಿ 1906ರಲ್ಲಿ ತೆರೆದ ಲೆಲ್ಲೊ ಅಂಗಡಿಯ ಒಳಹೋಗಲು ಟಿಕೆಟ್ ಬೇಕು. ಪುಸ್ತಕ ಕೊಂಡರೆ ಆ ಹಣವನ್ನು ಬೆಲೆಯಲ್ಲಿ ಕಳೆಯುತ್ತಾರೆ. ಒಳಗಿನ ಹೆಸರಾಂತ ಮೆಟ್ಟಿಲನ್ನು ನೋಡಲೇಬೇಕು, ಆದರೆ ಜನಸಂದಣಿಯಲ್ಲಿ ನಿಂತು ಓದುವುದು ಕಷ್ಟ. ಬ್ಯೂನಸ್ ಐರಿಸ್‌ನಲ್ಲಿ ನಾಟಕಶಾಲೆಯೊಂದನ್ನೇ ಪುಸ್ತಕದಂಗಡಿಯಾಗಿ ಮಾಡಿದ ಎಲ್ ಅತೆನೆಯೊ ನನ್ನ ಮಟ್ಟಿಗೆ ಇದಕ್ಕಿಂತ ಮೇಲು, ಏಕೆಂದರೆ ಅಲ್ಲಿ ಹಿಂದಿನ ಪ್ರೇಕ್ಷಕರ ಬಾಕ್ಸ್‌ಗಳಲ್ಲಿ ಕುಳಿತು ಓದಬಹುದು.

ಅಂಚೆಯ ವಿಷಯಕ್ಕೆ ಬರುತ್ತೇನೆ. ದೇಶದಿಂದ ದೇಶಕ್ಕೆ ಹೋಗುವ ಸಾಮಾನ್ಯ ಪತ್ರಸಾಮಗ್ರಿಗೆ 2 ಕಿಲೊ ಮಿತಿಯಿದ್ದರೂ ಪುಸ್ತಕಗಳಾದರೆ ಅನೇಕ ದೇಶಗಳು 5 ಕಿಲೊವರೆಗೆ ಒಪ್ಪುತ್ತವೆ, ಮುದ್ರಿತ ಸಾಮಗ್ರಿಯ ದರ ಪಾರ್ಸೆಲ್ ದರಕ್ಕಿಂತ ಸಾಕಷ್ಟು ಕಡಿಮೆ. ಆದರೆ ಕಟ್ಟಿನಲ್ಲಿ ಖಾಸಗಿ ಪತ್ರವಿರಬಾರದು. ತೂಕವನ್ನು ಅಂಗಡಿಯಲ್ಲೇ ಅಂದಾಜು ಮಾಡುತ್ತೇನೆ: 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ, ಡೆಮಿ 1/8 (ಸಾಮಾನ್ಯ ಕಾದಂಬರಿಯ) ಆಕಾರದ 200 ಪುಟಗಳ ಸಾದಾ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ. ಪೊಟ್ಟಣದ ತೂಕ ಕಳೆದರೆ ಒಂದು ಕಟ್ಟಿಗೆ ಇಪ್ಪತ್ತು ಪುಸ್ತಕ ಹಿಡಿಯುತ್ತವೆ.

ಪೊಟ್ಟಣ ಕಟ್ಟುವುದರಲ್ಲಿ ಒಂದು ಪ್ರಯೋಗ ನಡೆಸಿದೆ. ರದ್ದಿ ಪುಸ್ತಕಗಳನ್ನು ಪತ್ರಿಕೆಯ ಹಾಳೆ, ಬಟ್ಟೆ, ರಟ್ಟು ಹೀಗೆ ಮೂರು ರೀತಿಯಲ್ಲಿ ಸುತ್ತಿ ಎದೆಯೆತ್ತರದಿಂದ ಮತ್ತೆ ಮತ್ತೆ ಬೀಳಿಸಿದೆ. ಪುಸ್ತಕಗಳಿಗಿಂತ ಸುತ್ತಲೂ ಒಂದು ಸೆಂಟಿಮೀಟರ್ ದೊಡ್ಡದಾದ ಎರಡು ರಟ್ಟುಗಳ ನಡುವೆ ಬಿಗಿಯಾಗಿ ಕಟ್ಟಿದವು ಮಾತ್ರ ಮೂಲೆ ಮುದುಡದೆ ಉಳಿದವು, ಏಕೆಂದರೆ ಪೆಟ್ಟು ರಟ್ಟಿಗೆ ಬೀಳುತ್ತದೆ.

ಹಳೆಯ ಪುಸ್ತಕಗಳೊಂದಿಗೆ ಹುಳು ಬರುವ ಭಯವಿದ್ದವರಿಗೆ ಇನ್ನೊಂದು ಮಾತು. ಬಂದ ಕಟ್ಟನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಮನೆಯ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡುತ್ತೇನೆ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲವನ್ನು ಬಿಚ್ಚುವುದಿಲ್ಲ. ಅವಸರಪಟ್ಟರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ಒದ್ದೆಯಾದ ಅಥವಾ ಚರ್ಮದ ರಟ್ಟಿನ ಪುಸ್ತಕವನ್ನು ಮಾತ್ರ ನಾನು ಫ್ರೀಜರ್‌ಗೆ ಹಾಕಿಲ್ಲ.

ಒಬ್ಬರೇ ವಿಳಾಸದಾರರಿಗೆ ಮುದ್ರಿತ ಸಾಮಗ್ರಿಯನ್ನು 30 ಕಿಲೊವರೆಗೆ ಒಂದೇ ಚೀಲದಲ್ಲಿ ಕಳಿಸುವ ವಿಶೇಷ ಅಂಚೆ ಚೀಲವೂ ಅಂತರರಾಷ್ಟ್ರೀಯ ನಿಯಮಗಳಲ್ಲಿದೆ. ಒಬ್ಬನ ಪುಸ್ತಕಗಳಿಂದ ಅದು ತುಂಬುವುದಿಲ್ಲ. ಮುಂದಿನ ಪ್ರವಾಸಕ್ಕೆ ಇಬ್ಬರು ಗೆಳೆಯರು ಜೊತೆಗೆ ಬರಲಿದ್ದು, ಮೂವರ ಪುಸ್ತಕಗಳನ್ನೂ ಒಂದೇ ಚೀಲದಲ್ಲಿ ನನ್ನ ವಿಳಾಸಕ್ಕೆ ಕಳಿಸಿ ನೋಡುವುದೆಂದು ಮಾತಾಗಿದೆ.