ಬಸವನಹುಳುವಿನ ಚಿಪ್ಪು ಬೆಳ್ಳಗಾಗುವುದು ವಯಸ್ಸಿನಿಂದಲ್ಲ

ಕಳೆದ ತಿಂಗಳು ಮೊಮ್ಮಗಳು ತನ್ನ ಮೀನಿನ ತೊಟ್ಟಿಯನ್ನು ಬಹಳ ಹೆಮ್ಮೆಯಿಂದ ತೋರಿಸಿದಳು. ಗಾಜು ಫಳಫಳ ಹೊಳೆಯುತ್ತಿತ್ತು, ನೀರು ತಿಳಿಯಾಗಿತ್ತು, ಮೀನುಗಳು ಚುರುಕಾಗಿದ್ದವು. ಆದರೆ ಗಾಜಿಗೆ ಅಂಟಿಕೊಂಡಿದ್ದ ಮೂರು ಬಸವನಹುಳುಗಳನ್ನು ಕಂಡ ಕೂಡಲೇ ನನ್ನ ಮನಸ್ಸು ಪಿಚ್ಚೆಂದಿತು. ಮೂರರ ಚಿಪ್ಪಿನ ತುದಿಯೂ ಸೀಮೆಸುಣ್ಣದಂತೆ ಬೆಳ್ಳಗಾಗಿತ್ತು. ಒಂದರ ಸುರುಳಿಯ ಮೇಲಂತೂ ಸೂಜಿಯಿಂದ ಚುಚ್ಚಿದಂತಹ ಗುಳಿಗಳು ಸಾಲುಗಟ್ಟಿದ್ದವು. ಕೇಳಿದರೆ, "ಅವಕ್ಕೆ ವಯಸ್ಸಾಯಿತು ಅಜ್ಜಿ" ಎಂಬ ಉತ್ತರ ಬಂತು. ಅವಳು ಅವನ್ನು ತಂದು ಇನ್ನೂ ಐದು ತಿಂಗಳೂ ಕಳೆದಿರಲಿಲ್ಲ. ಇದೇ ಮಾತನ್ನು ನಾನು ಬೇರೆ ಮಕ್ಕಳ ಬಾಯಲ್ಲೂ ಕೇಳಿದ್ದೇನೆ. ಮೀನಿಗಾದರೆ ದಿನಕ್ಕೆರಡು ಬಾರಿ ಲೆಕ್ಕವಿಟ್ಟು ಆಹಾರ ಹಾಕುವವರು, ಬಸವನಹುಳು ಪಾಚಿ ತಿಂದು ತಾನಾಗಿಯೇ ಬದುಕಿಕೊಳ್ಳುತ್ತದೆ ಎಂದು ಸುಮ್ಮನಾಗುತ್ತಾರೆ. ಅದು ಬದುಕಿಕೊಳ್ಳುವುದಿಲ್ಲ, ಬಹಳ ನಿಧಾನವಾಗಿ ಕರಗುತ್ತದೆ. ನಿಧಾನವಾಗಿ ಆಗುವುದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಚಿಪ್ಪು ಹೇಗೆ ಬೆಳೆಯುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಉಗುರು ಬುಡದಿಂದ ಬೆಳೆಯುವ ಹಾಗೆ, ಚಿಪ್ಪು ತನ್ನ ಬಾಯಂಚಿನಿಂದ ಮಾತ್ರ ಉದ್ದವಾಗುತ್ತದೆ. ಮ್ಯಾಂಟಲ್ ಎಂಬ ಮೆದುವಾದ ಪದರವೊಂದು ಆ ಅಂಚಿನಲ್ಲಿ ಕುಳಿತು ಸುಣ್ಣವನ್ನು ಸ್ವಲ್ಪಸ್ವಲ್ಪವೇ ಕೂಡಿಸುತ್ತಾ ಹೋಗುತ್ತದೆ. ಸುರುಳಿಯ ತುದಿಯೆಂದರೆ ಹುಳು ಮರಿಯಾಗಿದ್ದಾಗ ಕಟ್ಟಿಕೊಂಡ ಭಾಗ, ಅತ್ಯಂತ ಹಳೆಯದು. ಇಡೀ ಚಿಪ್ಪಿನ ಮೇಲೆ ತೆಳುವಾದ, ಬಣ್ಣದ ಹೊರಸಿಪ್ಪೆಯೊಂದಿರುತ್ತದೆ. ಅದು ಸವೆದ ಕಡೆ ಒಳಗಿನ ಸುಣ್ಣಕ್ಕೆ ನೇರವಾಗಿ ನೀರು ತಾಗುತ್ತದೆ. ಆದ್ದರಿಂದ ಬೆಳ್ಳಗಾದ ತುದಿ ಮತ್ತೆ ಮೊದಲಿನ ಬಣ್ಣಕ್ಕೆ ಬರುವುದಿಲ್ಲ. ಹುಳು ಒಳಗಿನಿಂದ ಒಂದಿಷ್ಟು ದಪ್ಪ ಮಾಡಿಕೊಳ್ಳಬಲ್ಲದು, ಅಷ್ಟೇ. ನಿಮ್ಮ ಆರೈಕೆ ಸರಿಯಾಗಿದೆಯೇ ಎಂದು ನೋಡಬೇಕಾದದ್ದು ತುದಿಯಲ್ಲಲ್ಲ, ಬಾಯಂಚಿನಲ್ಲಿ. ಅಲ್ಲಿ ಹೊಸದಾಗಿ ಬಂದ ಭಾಗ ನುಣುಪಾಗಿ, ಬಣ್ಣ ಗಟ್ಟಿಯಾಗಿ ಇದ್ದರೆ ಎಲ್ಲವೂ ಸರಿಯಿದೆ ಎಂದರ್ಥ. ಅಂಚು ಕಾಗದದಂತೆ ತೆಳುವಾಗಿ ಚೂರುಚೂರಾಗುತ್ತಿದ್ದರೆ ಸುಣ್ಣ ಸಾಲುತ್ತಿಲ್ಲ.

ಮೊಮ್ಮಗಳ ತೊಟ್ಟಿಗೆ ಎಲ್ಲಿಯ ನೀರು ಎಂದು ಕೇಳಿದೆ. ಕುಡಿಯುವ ನೀರಿನ ಆರ್‌ಒ ಯಂತ್ರದ್ದಂತೆ. ಶುದ್ಧವಾಗಿರಲಿ ಎಂದು ಅದನ್ನೇ ತುಂಬಿಸಿದ್ದಳು. ಆ ಯಂತ್ರವು ನೀರಿನಲ್ಲಿರುವ ಸುಣ್ಣದಂಶವನ್ನು ಬಹುಪಾಲು ತೆಗೆದುಹಾಕುತ್ತದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತಹ ಗಡಸು ನೀರನ್ನು ಎಲ್ಲರೂ ಬೈಯುತ್ತಾರೆ, ಆದರೆ ಬಸವನಹುಳುವಿಗೆ ಬೇಕಾದದ್ದು ಅದೇ ನೀರು. ಆ ಪದರ ಮತ್ತು ಚಿಪ್ಪು ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಪಾತ್ರೆಯ ಮಾತು ಬಂದುದರಿಂದ ಹೇಳಿಬಿಡುತ್ತೇನೆ: ಆ ಪದರವನ್ನು ಉಕ್ಕಿನ ನಾರಿನಿಂದ ತಿಕ್ಕಿ ಪಾತ್ರೆಯನ್ನು ಗೀರುವುದನ್ನು ದಯವಿಟ್ಟು ನಿಲ್ಲಿಸಿ. ನೀರಿಗೆ ನಿಂಬೆರಸವನ್ನೋ ವಿನೆಗರನ್ನೋ ಹಾಕಿ ಒಂದು ಕುದಿ ಬರಿಸಿ, ಆರಲು ಬಿಟ್ಟರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಪಾತ್ರೆಯ ಸುಣ್ಣವನ್ನು ಕರಗಿಸಿದ ಆ ಹುಳಿಯೇ ಚಿಪ್ಪನ್ನೂ ಕರಗಿಸುತ್ತದೆ. ತೊಟ್ಟಿಯ ನೀರು ಹುಳಿಯಾಗತೊಡಗಿದರೆ, ಎಂದರೆ ಪಿಎಚ್ 7ಕ್ಕಿಂತ ಕೆಳಗಿಳಿದರೆ, ದಿನವೂ ನಡೆಯುವುದು ಇದೇ ಕೆಲಸ. ನೀರು 7.5ರ ಆಸುಪಾಸಿನಲ್ಲಿ ಇದ್ದರೆ ಹುಳು ನೆಮ್ಮದಿಯಾಗಿರುತ್ತದೆ.

ಆರಂಭದಲ್ಲಿ ಒಳ್ಳೆಯ ನೀರನ್ನೇ ತುಂಬಿದ್ದರೂ ಅದು ಹಾಗೆಯೇ ಉಳಿಯುವುದಿಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಬದಲಿಸುವಾಗ ಆಮ್ಲ ಹುಟ್ಟುತ್ತದೆ, ನೀರಿನ ಕ್ಷಾರೀಯತೆ, ಎಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ, ಸ್ವಲ್ಪಸ್ವಲ್ಪವೇ ಖರ್ಚಾಗುತ್ತದೆ. ಆವಿಯಾದಷ್ಟನ್ನು ಮೇಲಿಂದ ತುಂಬಿಸುತ್ತಾ ತಿಂಗಳುಗಟ್ಟಲೆ ನೀರು ಬದಲಾಯಿಸದವರ ತೊಟ್ಟಿಗಳಲ್ಲಿ ಚಿಪ್ಪು ಸವೆಯುವುದು ಇದರಿಂದಲೇ. ಗಿಡಗಳಿಗೆಂದು ಕಾರ್ಬನ್ ಡೈಆಕ್ಸೈಡ್ ಬಿಡುವವರೂ, ಚೆಂದಕ್ಕೆಂದು ದೊಡ್ಡ ಮರದ ಬೇರುಗಳನ್ನು ಮುಳುಗಿಸಿಡುವವರೂ ಇನ್ನಷ್ಟು ಎಚ್ಚರದಿಂದಿರಬೇಕು, ಏಕೆಂದರೆ ಎರಡೂ ನೀರನ್ನು ಹುಳಿಯ ಕಡೆಗೇ ಎಳೆಯುತ್ತವೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಿ, ಕ್ಲೋರಿನ್ ಹೋಗಿಸಿದ ನೀರನ್ನೇ ಹಾಕಿ. ಇದನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ. ಅಡುಗೆ ಸೋಡಾ ಸುರಿದು ಒಂದೇ ದಿನದಲ್ಲಿ ಸರಿಮಾಡುತ್ತೇನೆಂದು ಮಾತ್ರ ಹೊರಡಬೇಡಿ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ನೀರಿನ ಪಿಎಚ್ ಒಮ್ಮೆಲೇ ಏರಿ ಎಲ್ಲ ಜೀವಗಳಿಗೂ ಕಷ್ಟವಾಗುತ್ತದೆ.

ಇನ್ನು ನಾನು ಇಷ್ಟು ವರ್ಷಗಳಿಂದ ಬಿಡದೆ ಮಾಡಿಕೊಂಡು ಬಂದಿರುವ ಮೊಟ್ಟೆಯ ಚಿಪ್ಪಿನ ಕೆಲಸ. ಮೊಟ್ಟೆಯ ಚಿಪ್ಪಿನಲ್ಲಿ ನೂರಕ್ಕೆ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಎಲ್ಲರಿಗೂ ಇದು ಗೊತ್ತು, ಆದರೆ ಸರಿಯಾಗಿ ಮಾಡುವವರನ್ನು ನಾನು ಕಂಡಿಲ್ಲ. ಒಡೆದ ಚಿಪ್ಪನ್ನು ಕೈಯಲ್ಲಿ ಹಿಸುಕಿ ಹಾಗೆಯೇ ತೊಟ್ಟಿಗೆ ಎಸೆಯುತ್ತಾರೆ. ಎರಡು ದಿನದಲ್ಲಿ ಒಳಪೊರೆ ಕೊಳೆತು ನೀರು ಗಬ್ಬೆದ್ದಾಗ ಚಿಪ್ಪನ್ನು ದೂರುತ್ತಾರೆ. ಮೊಟ್ಟೆ ಒಡೆದ ತಕ್ಷಣ, ಲೋಳೆ ಒಣಗುವ ಮೊದಲೇ ಚಿಪ್ಪನ್ನು ತೊಳೆಯಬೇಕು. ಬಳಿಕ ಬೆಚ್ಚಗಿನ ನೀರಿನಲ್ಲಿ ಒಂದಷ್ಟು ಹೊತ್ತು ನೆನೆಸಿ, ಮೊಟ್ಟೆಯ ದಪ್ಪ ತುದಿಯಲ್ಲಿ, ಎಂದರೆ ಗಾಳಿಗುಳ್ಳೆ ಇದ್ದ ಕಡೆ, ಹೆಬ್ಬೆರಳಿನಿಂದ ಉಜ್ಜಿ ನೋಡಿ. ಪೊರೆಯ ಅಂಚು ಅಲ್ಲಿ ಸುಲಭವಾಗಿ ಸಿಗುತ್ತದೆ. ಅಂಚು ಸಿಕ್ಕ ಮೇಲೆ ಅವಸರ ಮಾಡದೆ ಎಳೆದರೆ ಒದ್ದೆ ಕಾಗದದಂತೆ ದೊಡ್ಡ ತುಂಡಾಗಿಯೇ ಬರುತ್ತದೆ. ನಾನು ಇದನ್ನು ಕಿಟಕಿಯ ಬಳಿ ಕುಳಿತು ಮಾಡುತ್ತೇನೆ. ಬೆಳಕಿಗೆ ಹಿಡಿದರೆ ಉಳಿದ ಪೊರೆ ಮಿನುಗುತ್ತದೆ, ಬರಿಯ ಚಿಪ್ಪು ಮಿನುಗುವುದಿಲ್ಲ.

ಹೀಗೆ ಶುಚಿಯಾದ ಚಿಪ್ಪುಗಳನ್ನು ಹತ್ತು ನಿಮಿಷ ಕುದಿಸಿ, ಬಟ್ಟೆಯ ಮೇಲೆ ಹರಡಿ, ಮುರಿದರೆ ಚಟ್ ಎನ್ನುವವರೆಗೆ ಬಿಸಿಲಿನಲ್ಲಿ ಒಣಗಿಸಬೇಕು. ಸದ್ದು ಮೆತ್ತಗಿದ್ದರೆ ಇನ್ನೊಂದು ದಿನ ಇರಲಿ. ಪೂರ್ತಿ ಒಣಗಿದ ಮೇಲೆ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಪುಡಿಮಾಡಿ, ಪುಡಿ ಕೆಳಗೆ ಕೂರುವವರೆಗೆ ಮುಚ್ಚಳ ತೆರೆಯಬೇಡಿ, ಆ ಧೂಳು ಮೂಗಿಗೆ ಹೋಗಬಾರದು. ತೆಳುವಾದ ಬಟ್ಟೆಯಲ್ಲಿ ಸೋಸಿದರೆ ಮೈಗೆ ಹಚ್ಚುವ ಪೌಡರಿನಷ್ಟು ನಯವಾದದ್ದು ಕೆಳಗಿಳಿಯುತ್ತದೆ, ತರಿ ಮೇಲುಳಿಯುತ್ತದೆ. ತರಿಯನ್ನು ಚಿಕ್ಕ ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಬೀಳುವ ಕಡೆ ತೂಗುಹಾಕಿ. ನೀರು ಹುಳಿಯಾದಷ್ಟೂ ಅದು ಬೇಗ ಕರಗುತ್ತದೆ, ನೀರು ಕ್ಷಾರೀಯವಾಗಿದ್ದರೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹಾಗಾಗಿ ಎಷ್ಟು ಹಾಕಬೇಕೆಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ನಯವಾದ ಪುಡಿ ಆಹಾರಕ್ಕೆ. ಮೆತ್ತಗೆ ಬೇಯಿಸಿದ ಬೀನ್ಸ್, ಕ್ಯಾರೆಟ್, ಬಟಾಣಿಗಳನ್ನು ನುಣ್ಣಗೆ ರುಬ್ಬಿಕೊಳ್ಳಿ, ಉಪ್ಪು ಬೇಡ. ಪಾಲಕ್ ಸೊಪ್ಪನ್ನು ಹಾಕಬೇಡಿ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ನಿಮ್ಮ ಶ್ರಮವನ್ನೆಲ್ಲ ವ್ಯರ್ಥಮಾಡುತ್ತದೆ. ಅಗರ್ ಅಗರ್ ಅನ್ನು (ಕಡಲಪಾಚಿಯಿಂದ ತೆಗೆದ, ಆರಿದಾಗ ಗಟ್ಟಿಯಾಗುವ ಪದಾರ್ಥ) ನೀರಿನಲ್ಲಿ ಪೂರ್ತಿ ಕರಗುವಂತೆ ಕುದಿಸಿ ಇದಕ್ಕೆ ಸೇರಿಸಿ. ತಪ್ಪು ಮಾಡುವುದು ಇಲ್ಲಿಯೇ: ಬಿಸಿಯಿದ್ದಾಗಲೇ ಪುಡಿ ಹಾಕಿ ತಟ್ಟೆಗೆ ಸುರಿದುಬಿಡುತ್ತಾರೆ. ಆಗ ಸುಣ್ಣವೆಲ್ಲ ತಳಕ್ಕಿಳಿದು, ಹುಳು ಮೇಲಿನ ತರಕಾರಿಯನ್ನಷ್ಟೇ ತಿಂದು ಹೋಗುತ್ತದೆ. ಒಂದು ಚಮಚ ಹಿಡಿದು ಪಾತ್ರೆಯ ಮುಂದೆಯೇ ನಿಂತಿರಿ. ಮಿಶ್ರಣ ಆರುತ್ತಾ ಗಂಜಿಯಂತೆ ಮಂದವಾಗಿ, ಚಮಚ ಎಳೆದ ಗೆರೆ ಕ್ಷಣಕಾಲ ಹಾಗೆಯೇ ನಿಂತಾಗ ಪುಡಿಯನ್ನು ಉದುರಿಸಿ, ಬೇಗಬೇಗ ಕಲಸಿ ತಟ್ಟೆಗೆ ಹರಡಿ. ತಡಮಾಡಿದರೆ ಅದು ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ, ಅದಕ್ಕೇ ಪಾತ್ರೆ ಬಿಟ್ಟು ಕದಲಬೇಡಿ ಎನ್ನುವುದು. ಗಟ್ಟಿಯಾದ ಮೇಲೆ ಕಿರುಬೆರಳಿನ ಉಗುರಿನಷ್ಟು ತುಂಡುಗಳಾಗಿ ಕತ್ತರಿಸಿ ಫ್ರೀಜರಿನಲ್ಲಿಟ್ಟರೆ ವಾರಗಟ್ಟಲೆ ಬರುತ್ತದೆ. ಸಂಜೆ ಒಂದು ತುಂಡು ಹಾಕಿ, ಬೆಳಗ್ಗೆ ಉಳಿದದ್ದನ್ನು ತೆಗೆಯಿರಿ. ಮೊಟ್ಟೆ ತರದ ಮನೆಯವರು ಪಂಜರದ ಹಕ್ಕಿಗಳಿಗೆ ಕೊಡುವ, ಕಟಲ್ ಫಿಶ್ ಎಂಬ ಕಡಲಜೀವಿಯ ಒಳಚಿಪ್ಪಾದ ಕಟಲ್‌ಬೋನ್ ತುಂಡನ್ನು ಬಳಸಬಹುದು. ಅದು ತೇಲುತ್ತದೆ, ಕುದಿಸಿ ಕಲ್ಲಿಗೆ ಕಟ್ಟಿ ಮುಳುಗಿಸಿ.

ಸುಣ್ಣ ಸಾಲದ ತೊಟ್ಟಿಯಲ್ಲಿ ಹುಳುಗಳು ಒಂದರ ಬೆನ್ನ ಮೇಲೊಂದು ಹತ್ತಿ ಚಿಪ್ಪನ್ನು ಕೆರೆದು ತಿನ್ನುತ್ತವೆ. ಅದನ್ನು ಆಟವೆಂದು ನೋಡುತ್ತಾ ಕೂರಬೇಡಿ. ಚಿಪ್ಪಿನ ಮೇಲೆ ಪಾಚಿ ಬೆಳೆದರೆ ಬ್ರಷ್ಷಿನಿಂದ ಉಜ್ಜಲೂಬೇಡಿ. ನಾನು ಹೇಳಿದ ಹೊರಸಿಪ್ಪೆ ಅದರಿಂದಲೇ ಹೋಗುತ್ತದೆ, ಮೆತ್ತನೆಯ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು. ಔಷಧದ ವಿಷಯದಲ್ಲಿ ನನ್ನದೇ ನೋವಿದೆ. ಬಹಳ ಹಿಂದೆ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಎದ್ದಾಗ, ಅಂಗಡಿಯವರು ಕೊಟ್ಟ ಔಷಧವನ್ನು ಶೀಶೆಯ ಮೇಲಿನ ಬರಹ ಓದದೆ ಹಾಕಿದೆ. ಅದರಲ್ಲಿ ತಾಮ್ರವಿತ್ತು. ಮೀನುಗಳು ಗುಣವಾದವು, ನಾಲ್ಕು ಬಸವನಹುಳುಗಳು ಚಿಪ್ಪಿನೊಳಗೆ ಸೇರಿಕೊಂಡವು ಮತ್ತೆ ಹೊರಬರಲೇ ಇಲ್ಲ. ಆ ಖಾಲಿ ಚಿಪ್ಪುಗಳನ್ನು ನಾನು ಇಂದಿಗೂ ಎಸೆದಿಲ್ಲ. ತಾಮ್ರವಿರುವ ಯಾವುದನ್ನೂ ಆ ನೀರಿಗೆ ಹಾಕಬೇಡಿ.

ಗಾಜಿಗೆ ಅಂಟಿದ ಹುಳುವನ್ನು ಚಿಪ್ಪು ಹಿಡಿದು ಕಿತ್ತೆಳೆಯುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಒಳಗೆ ದೇಹವನ್ನು ಚಿಪ್ಪಿಗೆ ಹಿಡಿದಿಟ್ಟಿರುವುದು ಒಂದು ಸ್ನಾಯು ಮಾತ್ರ. ಅದು ಹರಿದರೆ ಸುಣ್ಣವೂ ಇಲ್ಲ, ಔಷಧವೂ ಇಲ್ಲ. ಬೆರಳನ್ನು ಪಕ್ಕದಿಂದ ಮೆಲ್ಲಗೆ ಒತ್ತುತ್ತಾ ಜಾರಿಸಿದರೆ ಅದೇ ಪಾದ ಬಿಡುತ್ತದೆ. ತೊಟ್ಟಿಗೆ ಮುಚ್ಚಳವಿರಲಿ, ಏಕೆಂದರೆ ರಾತ್ರಿ ಹತ್ತಿ ಹೊರಗೆ ಬಿದ್ದು ಚಿಪ್ಪು ಒಡೆದುಕೊಂಡ ಹುಳುಗಳು ಕಡಿಮೆಯಲ್ಲ. ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಡಿ, ಮಿಸ್ಟರಿ ಸ್ನೇಲ್‌ನಂಥವು ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತವೆ. ಬಾಯಂಚಿನಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೆ ಗಾಬರಿಪಡದೆ, ಒಳ್ಳೆಯ ನೀರಿನಲ್ಲಿ ಬಾಯಿ ಕೆಳಗಾಗುವಂತೆ, ಆಹಾರದ ತುಂಡಿನ ಪಕ್ಕದಲ್ಲೇ ಇರಿಸಿ. ಒಂದೆರಡು ವಾರಗಳಲ್ಲಿ ಬಿರುಕಿನಾಚೆ ಹೊಸ ಅಂಚು ಕಾಣಿಸಿಕೊಳ್ಳುತ್ತದೆ. ಮೊಮ್ಮಗಳ ತೊಟ್ಟಿಯಲ್ಲಿ ಈಗ ಎರಡು ಹುಳುಗಳಿಗೆ ಬಂದಿದೆ, ಕಂದು ಬಣ್ಣದ ಅಂಚು, ಅಕ್ಕಿಕಾಳಿನಷ್ಟು ಅಗಲ, ಮೂರನೆಯದಕ್ಕಾಗಿ ಕಾಯುತ್ತಿದ್ದೇವೆ.