ಶ್ರೀಲಂಕಾದಲ್ಲಿ ಕಟ್ಟಾದ ಟ್ಯಾಕ್ಸ್‌ಗೆ ಇಲ್ಲಿ ಕ್ರೆಡಿಟ್ ಸಿಕ್ಕಿದ್ದು ಹೀಗೆ
ನನ್ನ ಕೊಲಂಬೋ ಕ್ಲೈಂಟ್ ಅಲ್ಲೇ ಟ್ಯಾಕ್ಸ್ ಹಿಡ್ಕೊಂಡು ಉಳಿದ ದುಡ್ಡು ಕಳಿಸ್ತಿದ್ರು, ಆದ್ರೆ ಅಸೆಸ್‌ಮೆಂಟ್ ವರ್ಷ 2024-25ರ 143(1) ಇಂಟಿಮೇಷನ್‌ನಲ್ಲಿ (ರಿಟರ್ನ್ ಪರಿಶೀಲಿಸಿ ಇಲಾಖೆ ಕಳಿಸೋ ಲೆಕ್ಕ) ಸೆಕ್ಷನ್ 90 ರಿಲೀಫ್, ಅಂದ್ರೆ ಹೊರದೇಶದಲ್ಲಿ ಕಟ್ಟಿದ ಟ್ಯಾಕ್ಸ್‌ಗೆ ಇಲ್ಲಿ ಸಿಗೋ ವಿನಾಯ್ತಿ, ಸೊನ್ನೆ; ಮೇಲಿಂದ ಇನ್ನೂ ಟ್ಯಾಕ್ಸ್ ಕಟ್ಟಿ ಅನ್ನೋ ಡಿಮ್ಯಾಂಡ್ ಬೇರೆ. 26ಎಎಸ್‌ನಲ್ಲಿ (ನಮ್ಮ ಹೆಸರಲ್ಲಿ ಇಲ್ಲಿ ಕಡಿತ ಆದ ಟ್ಯಾಕ್ಸ್‌ನ ಪಟ್ಟಿ) ಹುಡುಕಿ ಪ್ರಯೋಜನ ಇಲ್ಲ, ಹೊರದೇಶದ ಕಡಿತ ಅಲ್ಲಿ ಬರೋದೇ ಇಲ್ಲ. ಗ್ರೀವೆನ್ಸ್ ಹಾಕಿದ್ದೂ ವೇಸ್ಟ್. ಇದಕ್ಕೋಸ್ಕರ ಕಂಪನಿ ರಿಜಿಸ್ಟರ್ ಮಾಡಿಸಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ.

ಕೆಲಸ ಮಾಡಿದ್ದು ಫಾರ್ಮ್ 67, ಹೊರದೇಶದ ಟ್ಯಾಕ್ಸ್‌ಗೆ ಕ್ರೆಡಿಟ್ ಕೇಳೋ ಫಾರ್ಮ್. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಇ-ಫೈಲ್, ಇನ್‌ಕಮ್ ಟ್ಯಾಕ್ಸ್ ಫಾರ್ಮ್ಸ್ ಒಳಗಿದೆ. ಕ್ಲೈಂಟ್ ಕೊಟ್ಟ ಕಡಿತದ ಸರ್ಟಿಫಿಕೇಟ್ ಅಟ್ಯಾಚ್ ಮಾಡಿ, ಕಡಿತ ಆದ ತಿಂಗಳ ಹಿಂದಿನ ತಿಂಗಳು ಇರತ್ತಲ್ಲ, ಅದರ ಕೊನೇ ದಿನದ ಎಸ್‌ಬಿಐ ಟಿಟಿ ಬೈಯಿಂಗ್ ರೇಟ್‌ನಲ್ಲೇ (ಬ್ಯಾಂಕ್ ವಿದೇಶಿ ಹಣ ಕೊಳ್ಳೋ ದರ) ರೂಪಾಯಿಗೆ ತನ್ನಿ, ದುಡ್ಡು ಬಂದ ದಿನದ ರೇಟ್ ಅಲ್ಲ. ಅದೇ ಅಂಕಿ ಐಟಿಆರ್-3 ರಿಟರ್ನ್‌ನ ಶೆಡ್ಯೂಲ್ ಎಫ್‌ಎಸ್‌ಐ (ಹೊರದೇಶದ ಆದಾಯದ ಪಟ್ಟಿ), ಟಿಆರ್ (ಅದರ ಟ್ಯಾಕ್ಸ್ ರಿಲೀಫ್ ಪಟ್ಟಿ) ಎರಡರಲ್ಲೂ ಹೊಂದಬೇಕು. ಫಾರ್ಮ್ ವೆರಿಫೈ ಆದ್ಮೇಲೇನೇ ರೆಕ್ಟಿಫಿಕೇಷನ್‌ನಲ್ಲಿ (ತಪ್ಪು ತಿದ್ದಿಸೋ ಅರ್ಜಿ) ‘ರೀಪ್ರೊಸೆಸ್’ ಕೊಡಿ. ಹೀಗೆ ಮಾಡಿದ್ಮೇಲೆ ಡಿಮ್ಯಾಂಡ್ ಹೋಯ್ತು.